ಕಟ್ಟಿದವನ ಕೈ ಮೀರಿದ ತಂಡಗಳು

ಪಾಪ್ ಸಂಗೀತದ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ತಲೆ ಎತ್ತುತ್ತದೆ. ಗೆಳೆಯರು ತಾವಾಗಿ ಕೂಡಿಕೊಂಡು ಹುಟ್ಟಿಸಿದ ತಂಡಗಳಲ್ಲದೆ, ಯಾರೋ ಒಬ್ಬ ಮ್ಯಾನೇಜರ್ ಅಥವಾ ನಿರ್ಮಾಪಕ ಜಾಹೀರಾತು ಕೊಟ್ಟು, ಆಡಿಷನ್ ನಡೆಸಿ, ಒಬ್ಬೊಬ್ಬರನ್ನೇ ಆರಿಸಿ ಜೋಡಿಸಿದ ತಂಡಗಳೂ ಇವೆ. ಅವು ಎಷ್ಟು ಕಾಲ ಬಾಳುತ್ತವೆ, ಬಾಳಿದರೆ ಯಾವುದರ ಬಲದಿಂದ ಬಾಳುತ್ತವೆ ಎಂಬುದೇ ಆ ವಿಷಯ. ಅಂಥ ಐದು ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಅನುಕೂಲಕ್ಕಾಗಿ ಇವನ್ನು 'ಕಟ್ಟಿದ ತಂಡ'ಗಳೆಂದು ಕರೆದಿದ್ದೇನೆ. ಆ ಮಾತಿನಲ್ಲಿ ಯಾರನ್ನೂ ಹಗುರ ಮಾಡುವ ಉದ್ದೇಶವಿಲ್ಲ.

ಪ್ರಶ್ನೆ: ಸಂಗೀತ ಬಲ್ಲ ನನ್ನ ಗೆಳೆಯರು ಕಟ್ಟಿದ ತಂಡಗಳನ್ನೆಲ್ಲ 'ಎರಡು ವರ್ಷದ ಸರಕು' ಎಂದು ತಳ್ಳಿಹಾಕುತ್ತಾರೆ. ಆದರೆ ನಾನು ಶಾಲೆಯಲ್ಲಿದ್ದಾಗ ಕೇಳುತ್ತಿದ್ದ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಇಂದಿಗೂ ವೇದಿಕೆ ಏರುತ್ತಿದ್ದಾರೆ. ಗೆಳೆಯರ ಮಾತು ತಪ್ಪೇ, ಅಥವಾ ನಾನು ಒಂದು ಅಪವಾದವನ್ನು ಹಿಡಿದುಕೊಂಡು ಕುಳಿತಿದ್ದೇನೆಯೇ?

ಉತ್ತರ: ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ನಿಜವಿದೆ. ಕಟ್ಟಿದ ತಂಡಗಳಲ್ಲಿ ಹೆಚ್ಚಿನವು ನಿಜಕ್ಕೂ ಬೇಗ ಮುಗಿದುಹೋಗಿವೆ. ಬ್ರಿಟನ್ನಿನಲ್ಲಿ 2001ರಲ್ಲಿ 'ಪಾಪ್‌ಸ್ಟಾರ್ಸ್' ಎಂಬ ಟಿವಿ ಕಾರ್ಯಕ್ರಮದ ಮೂಲಕ ಆರಿಸಿ ಕಟ್ಟಿದ ಹಿಯರ್‌ಸೇ ತಂಡದ ಮೊದಲ ಹಾಡಿನ ಐದು ಲಕ್ಷಕ್ಕೂ ಹೆಚ್ಚು ಪ್ರತಿಗಳು ಒಂದೇ ವಾರದಲ್ಲಿ ಮಾರಾಟವಾದವು. ಮರುವರ್ಷದ ಅಕ್ಟೋಬರ್ ಹೊತ್ತಿಗೆ ಆ ತಂಡವೇ ಇರಲಿಲ್ಲ. ಜನ ಅಲ್ಲಿ ಕೊಂಡದ್ದು ತಾವು ವಾರಗಟ್ಟಲೆ ನೋಡಿದ ಆಯ್ಕೆಯ ಕಥೆಯ ಕೊನೆಯ ಅಧ್ಯಾಯವನ್ನು ಎಂದು ನನಗೆ ಅನಿಸುತ್ತದೆ. ಕಥೆ ಮುಗಿದ ಮೇಲೆ ಹಾಡನ್ನು ಹುಡುಕಿಕೊಂಡು ಮತ್ತೆ ಬರಲು ಅವರಿಗೆ ಕಾರಣ ಸಿಗಲಿಲ್ಲ.

ಆದರೆ ಗೆಳೆಯರು ಮರೆಯುವ ಇನ್ನರ್ಧವಿದೆ. ತಾವಾಗಿ ಹುಟ್ಟಿದ ತಂಡಗಳಲ್ಲಿಯೂ ಬಹುಪಾಲು ಎರಡನೆಯ ಆಲ್ಬಮ್ ಕಾಣುವ ಮೊದಲೇ ಚದುರಿಹೋಗುತ್ತವೆ. ಅವುಗಳ ಸಾವು ಯಾರ ಗಮನಕ್ಕೂ ಬರುವುದಿಲ್ಲ ಅಷ್ಟೆ. ಕಟ್ಟಿದ ತಂಡದ ಹುಟ್ಟಿಗೆ ಡಂಗುರ ಇರುವುದರಿಂದ ಅದರ ಸಾವಿಗೂ ಡಂಗುರ ಇರುತ್ತದೆ. ಹುಟ್ಟಿದ ಬಗೆಯಿಂದ ಒಂದು ತಂಡದ ಆಯುಷ್ಯವನ್ನು ಹೇಳಲಾಗದು ಎಂಬುದು ನನ್ನ ನಂಬಿಕೆ. ಕಟ್ಟಿದವನು ಹಾಕಿಕೊಟ್ಟ ಯೋಜನೆಯನ್ನು ಮೀರಿ, ಆ ಹುಡುಗ ಹುಡುಗಿಯರು ತಂಡವನ್ನು ತಮ್ಮದಾಗಿಸಿಕೊಂಡರೋ ಇಲ್ಲವೋ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಅಮೆರಿಕದ ದಿ ಮಂಕೀಸ್. 1965ರ ಸೆಪ್ಟೆಂಬರಿನಲ್ಲಿ ಹಾಲಿವುಡ್ಡಿನ ವೃತ್ತಿಪತ್ರಿಕೆಗಳಲ್ಲಿ ಒಂದು ಜಾಹೀರಾತು ಬಂತು: ಹೊಸ ಟಿವಿ ಧಾರಾವಾಹಿಯಲ್ಲಿ ಸಂಗೀತ ತಂಡವೊಂದರ ಪಾತ್ರ ವಹಿಸಲು ಹುಡುಗರು ಬೇಕಾಗಿದ್ದಾರೆ ಎಂದು. ನಿರ್ಮಾಪಕರಾದ ಬಾಬ್ ರಫೆಲ್ಸನ್ ಮತ್ತು ಬರ್ಟ್ ಶ್ನೈಡರ್ ಅವರ ಮುಂದೆ ನಾನೂರಕ್ಕೂ ಹೆಚ್ಚು ಮಂದಿ ಬಂದು ನಿಂತರು. ಕೊನೆಗೆ ಉಳಿದ ನಾಲ್ವರಲ್ಲಿ ಮೈಕಲ್ ನೆಸ್ಮಿತ್ ಮತ್ತು ಪೀಟರ್ ಟೋರ್ಕ್ ಸಂಗೀತಗಾರರಾಗಿದ್ದರು. ಮಿಕಿ ಡೋಲೆಂಜ್ ಮತ್ತು ಡೇವಿ ಜೋನ್ಸ್ ಮುಖ್ಯವಾಗಿ ನಟರು. ಡೋಲೆಂಜ್ ಅವರಂತೂ ಡ್ರಮ್ ಬಾರಿಸುವುದನ್ನು ಪಾತ್ರಕ್ಕಾಗಿಯೇ ಕಲಿತವರು. 1966ರ ಸೆಪ್ಟೆಂಬರಿನಲ್ಲಿ ಧಾರಾವಾಹಿ ಶುರುವಾಯಿತು. ಹಾಡುಗಳನ್ನು ನ್ಯೂಯಾರ್ಕಿನ ಪಳಗಿದ ಗೀತರಚನೆಕಾರರಿಂದ ತರಿಸಿ, ವಾದ್ಯಗಳನ್ನು ಬಾಡಿಗೆ ವಾದಕರಿಂದ ನುಡಿಸಿ, ಈ ಹುಡುಗರ ಕಂಠವನ್ನಷ್ಟೇ ಮೇಲೆ ಸೇರಿಸುವ ವ್ಯವಸ್ಥೆಯನ್ನು ಸಂಗೀತದ ಉಸ್ತುವಾರಿ ಡಾನ್ ಕಿರ್ಶ್ನರ್ ಮಾಡಿದ್ದರು. ಎರಡನೆಯ ಆಲ್ಬಮ್ ಹೊರಬಂದದ್ದು ತಂಡದವರಿಗೇ ತಿಳಿಯದೆ. ಆಗ ಅವರು ಸಿಡಿದೆದ್ದರು. ತಮ್ಮ ಹೆಸರಿನ ಹಾಡನ್ನು ತಾವೇ ನುಡಿಸುತ್ತೇವೆ ಎಂದು ಹಟ ಹಿಡಿದರು. 1967ರ ಆರಂಭದಲ್ಲಿ ಕಿರ್ಶ್ನರ್ ಹೊರಹೋಗಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಬಂದ ಮೂರನೆಯ ಆಲ್ಬಮ್ಮಿನಲ್ಲಿ ವಾದ್ಯಗಳನ್ನು ಬಹುಪಾಲು ಅವರೇ ನುಡಿಸಿದರು, ಮತ್ತು ಅದೂ ಅಮೆರಿಕದ ಜನಪ್ರಿಯ ಆಲ್ಬಮ್ಮುಗಳ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಹಿಂದಿನ ಆಲ್ಬಮ್ಮಿಗಿಂತ ಇದರ ನುಡಿಸಾಣಿಕೆ ಒರಟಾಗಿದೆ, ನಿಜ. ನನಗೆ ಆ ಒರಟುತನವೇ ಇಷ್ಟ, ಏಕೆಂದರೆ ಅದರಲ್ಲಿ ನಾಲ್ಕು ಜನ ಒಂದು ಕೋಣೆಯಲ್ಲಿ ಕುಳಿತು ನುಡಿಸುತ್ತಿರುವುದು ಕೇಳಿಸುತ್ತದೆ.

ಇದಾದ ಮೇಲೆ ಕಿರ್ಶ್ನರ್ ಏನು ಮಾಡಿದರು ಎಂಬುದು ಈ ಕಥೆಯಷ್ಟೇ ಮುಖ್ಯ. ಎದುರುತ್ತರ ಕೊಡಲಾಗದ ಒಂದು ತಂಡವನ್ನು ಅವರು ಆರಿಸಿಕೊಂಡರು: ದಿ ಆರ್ಚೀಸ್ ಎಂಬ ವ್ಯಂಗ್ಯಚಿತ್ರದ ಪಾತ್ರಗಳನ್ನು. ಸ್ಟುಡಿಯೋದಲ್ಲಿ ಬಾಡಿಗೆ ಗಾಯಕರು ಹಾಡಿದ ಅದರ ಒಂದು ಹಾಡು 1969ರಲ್ಲಿ ಅಮೆರಿಕದಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಆ ಹಾಡು ಇಂದಿಗೂ ಎಲ್ಲೆಡೆ ಕೇಳಿಬರುತ್ತದೆ. ತಂಡಕ್ಕೆ ಮಾತ್ರ ಮರುಜನ್ಮವಿಲ್ಲ, ಏಕೆಂದರೆ ಮರಳಿ ಬರಲು ಅಲ್ಲಿ ಯಾರೂ ಇರಲಿಲ್ಲ. ಮಂಕೀಸ್ ವಿಷಯದಲ್ಲಿ ಹಾಗಾಗಲಿಲ್ಲ. ಧಾರಾವಾಹಿ 1968ರಲ್ಲಿಯೇ ನಿಂತಿತು, ತಂಡ ಚದುರಿತು. ಆದರೆ 1986ರಲ್ಲಿ ಎಂಟಿವಿ ಹಳೆಯ ಕಂತುಗಳನ್ನು ಮರುಪ್ರಸಾರ ಮಾಡಿದಾಗ ಹೊಸ ತಲೆಮಾರಿನ ಮಕ್ಕಳು ಅವರನ್ನು ಕಂಡುಕೊಂಡರು, ತಂಡ ಮತ್ತೆ ಪ್ರವಾಸ ಹೊರಟಿತು. ಐವತ್ತನೆಯ ವರ್ಷಕ್ಕೆ 2016ರಲ್ಲಿ ಅವರದೊಂದು ಹೊಸ ಆಲ್ಬಮ್ ಬಂತು. ಜೋನ್ಸ್ 2012ರಲ್ಲಿ, ಟೋರ್ಕ್ 2019ರಲ್ಲಿ ತೀರಿಕೊಂಡರು. ಉಳಿದಿಬ್ಬರು 2021ರ ನವೆಂಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟರು. ಅದಾಗಿ ಒಂದು ತಿಂಗಳು ತುಂಬುವ ಮೊದಲೇ ನೆಸ್ಮಿತ್ ಕಣ್ಮುಚ್ಚಿದರು. ಒಂದು ಟಿವಿ ಧಾರಾವಾಹಿಗಾಗಿ ಆರಿಸಿದ ನಾಲ್ವರಲ್ಲಿ ಒಬ್ಬನು ತನ್ನ ಬದುಕಿನ ಕೊನೆಯ ತಿಂಗಳುಗಳನ್ನು ಆ ತಂಡದ ಹಾಡುಗಳನ್ನು ಹಾಡುವುದರಲ್ಲಿ ಕಳೆದನೆಂದರೆ, ಅದನ್ನು ಸರಕು ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಬ್ರಿಟನ್ನಿನ ಸ್ಪೈಸ್ ಗರ್ಲ್ಸ್ ಇದೇ ದಾರಿಯನ್ನು ಇನ್ನೂ ಬೇಗ ತುಳಿದರು. 1994ರಲ್ಲಿ 'ದಿ ಸ್ಟೇಜ್' ಪತ್ರಿಕೆಯ ಜಾಹೀರಾತು ನೋಡಿ ಬಂದ ನೂರಾರು ಹುಡುಗಿಯರಲ್ಲಿ ಅವರನ್ನು ಆರಿಸಿ, ಮೇಡನ್‌ಹೆಡ್‌ನ ಒಂದು ಮನೆಯಲ್ಲಿ ಒಟ್ಟಿಗೆ ಇರಿಸಿ ತಾಲೀಮು ಕೊಡಿಸಿದವರು ಬಾಬ್ ಮತ್ತು ಕ್ರಿಸ್ ಹರ್ಬರ್ಟ್ ಎಂಬ ತಂದೆ ಮಗ. ಆದರೆ ಅವರು ಹುಡುಗಿಯರಿಂದ ಸಕಾಲದಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿರಲಿಲ್ಲ. 1995ರಲ್ಲಿ ಐವರೂ ಅವರನ್ನು ಬಿಟ್ಟು ಹೊರನಡೆದು, ಸೈಮನ್ ಫುಲ್ಲರ್ ಅವರನ್ನು ತಮ್ಮ ಮ್ಯಾನೇಜರಾಗಿ ಆರಿಸಿಕೊಂಡರು. 1997ರ ಕೊನೆಗೆ ಫುಲ್ಲರ್ ಅವರನ್ನೂ ಕೈಬಿಟ್ಟರು. ಹಾಡಿನ ರಚನೆಯ ಪಾಲನ್ನು ಐವರೂ ಸಮನಾಗಿ ಹಂಚಿಕೊಳ್ಳಬೇಕೆಂದು ತೀರ್ಮಾನಿಸಿದ್ದರು. ಅವರನ್ನು ಜಗತ್ತು ಗುರುತಿಸಿದ ಅಡ್ಡಹೆಸರುಗಳನ್ನು ಸಹ ಕೊಟ್ಟವರು ಮ್ಯಾನೇಜರ್ ಅಲ್ಲ, ಒಂದು ಪಾಪ್ ಪತ್ರಿಕೆಯ ಸಂಪಾದಕ. ಐವರೂ ಮೊದಲ ಸಲ ಒಟ್ಟಿಗೆ ಹಾಡು ಹೊರತಂದ ಕಾಲ 1996ರಿಂದ 1998ರವರೆಗಿನದು ಮಾತ್ರ. ಆದರೂ 2007ರಲ್ಲಿ ಮರಳಿ ಸೇರಿದಾಗ ಲಂಡನ್ನಿನ ಒಂದೇ ಸಭಾಂಗಣದಲ್ಲಿ 17 ರಾತ್ರಿ ಹಾಡಿದರು, 2012ರ ಒಲಿಂಪಿಕ್ಸ್ ಸಮಾರೋಪದಲ್ಲಿ ಕಾಣಿಸಿಕೊಂಡರು, 2019ರಲ್ಲಿ ನಾಲ್ವರೇ ಆಗಿ ಕ್ರೀಡಾಂಗಣಗಳನ್ನು ತುಂಬಿಸಿದರು.

ಇನ್ನು ನಿಮ್ಮ ಮೆಚ್ಚಿನ ತಂಡ. ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಅನ್ನು 1993ರಲ್ಲಿ ಆರ್ಲ್ಯಾಂಡೊದಲ್ಲಿ ಕಟ್ಟಿದವರು ಲೂ ಪರ್ಲ್‌ಮನ್. ಒಪ್ಪಂದದ ಪ್ರಕಾರ ಅವರು ಮ್ಯಾನೇಜರ್ ಪಾಲಿನ ಜೊತೆಗೆ ತಂಡದ ಆರನೆಯ ಸದಸ್ಯರೆಂದೂ ಪಾಲು ಪಡೆಯುತ್ತಿದ್ದರು. 1998ರಲ್ಲಿ ಹುಡುಗರು ನ್ಯಾಯಾಲಯದ ಮೆಟ್ಟಿಲೇರಿದರು. ಅದರ ಮರುವರ್ಷ ಬಂದ ಆಲ್ಬಮ್ ಮೊದಲ ವಾರದಲ್ಲಿಯೇ ಅಮೆರಿಕದಲ್ಲಿ ಹನ್ನೊಂದು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಪರ್ಲ್‌ಮನ್ ಹೂಡಿಕೆದಾರರಿಗೆ ಭಾರಿ ಮೋಸ ಮಾಡಿದ ಬೇರೊಂದು ಪ್ರಕರಣದಲ್ಲಿ 2008ರಲ್ಲಿ 25 ವರ್ಷಗಳ ಶಿಕ್ಷೆಗೆ ಗುರಿಯಾಗಿ, 2016ರಲ್ಲಿ ಸೆರೆಯಲ್ಲಿಯೇ ತೀರಿಕೊಂಡರು. ಅವರು ಕಟ್ಟಿದ ತಂಡ 2019ರಲ್ಲಿ ಮತ್ತೊಮ್ಮೆ ಅಮೆರಿಕದ ಆಲ್ಬಮ್ ಪಟ್ಟಿಯ ತುದಿಗೇರಿತು. ನೀವು ಹಿಡಿದಿರುವುದು ಅಪವಾದವಿರಬಹುದು. ಆದರೆ ಅಂಥ ಅಪವಾದಗಳು ಒಂದಕ್ಕಿಂತ ಹೆಚ್ಚಾಗಿವೆ, ಮತ್ತು ಅವುಗಳ ಕಥೆಗಳು ಒಂದನ್ನೊಂದು ಹೋಲುತ್ತವೆ.

ಪ್ರಶ್ನೆ: ತಾವೇ ಹಾಡು ಬರೆಯದ, ವಾದ್ಯ ನುಡಿಸದ ತಂಡಗಳ ಹಾಡು ಉಳಿಯುವುದಾದರೂ ಹೇಗೆ? ಹಾಡಿನ ಯಶಸ್ಸು ಬರೆದವರದ್ದೇ ಹೊರತು ಹಾಡಿದವರದ್ದಲ್ಲ ಎಂಬ ವಾದವನ್ನು ನೀವು ಒಪ್ಪುತ್ತೀರಾ?

ಉತ್ತರ: ಒಪ್ಪುವುದಿಲ್ಲ. ಆದರೆ ಈ ಪ್ರಶ್ನೆ ನನ್ನ ಮೇಲಿನ ಉತ್ತರವನ್ನೇ ಒರೆಗೆ ಹಚ್ಚುತ್ತದೆ, ಆದ್ದರಿಂದ ಎಚ್ಚರದಿಂದ ಹೇಳಬೇಕು.

2002ರಲ್ಲಿ ಬ್ರಿಟನ್ನಿನ ಒಂದೇ ಟಿವಿ ಕಾರ್ಯಕ್ರಮದಿಂದ ಎರಡು ತಂಡಗಳು ಹೊರಬಂದವು. ಐದು ಹುಡುಗಿಯರ ಗರ್ಲ್ಸ್ ಅಲೌಡ್, ಐದು ಹುಡುಗರ ವನ್ ಟ್ರೂ ವಾಯ್ಸ್. ಎರಡೂ ತಂಡಗಳ ಮೊದಲ ಹಾಡುಗಳು ಅದೇ ಡಿಸೆಂಬರಿನಲ್ಲಿ ಒಂದೇ ವಾರ ಬಿಡುಗಡೆಯಾಗಿ, ಕ್ರಿಸ್ಮಸ್ ವಾರದ ಪಟ್ಟಿಯಲ್ಲಿ ಹುಡುಗಿಯರು ಮೊದಲನೆಯವರಾಗಿಯೂ ಹುಡುಗರು ಎರಡನೆಯವರಾಗಿಯೂ ಬಂದರು. ಹುಟ್ಟು ಒಂದೇ, ಪ್ರಚಾರ ಒಂದೇ, ನೋಡಿದ ಜನರೂ ಅವರೇ. ಹುಡುಗರ ತಂಡ ಮರುವರ್ಷವೇ ಮುರಿದುಬಿತ್ತು. ಹುಡುಗಿಯರ ತಂಡ 2009ರ ಆರಂಭದವರೆಗೆ ಬಿಡುಗಡೆ ಮಾಡಿದ ಇಪ್ಪತ್ತು ಹಾಡುಗಳೂ, ಒಂದರ ಬೆನ್ನಿಗೆ ಒಂದರಂತೆ, ಬ್ರಿಟನ್ನಿನ ಮೊದಲ ಹತ್ತರೊಳಗೆ ಸೇರಿದವು. ಪ್ರಯೋಗಶಾಲೆಯಲ್ಲಿ ಬೇಕೆಂದೇ ಏರ್ಪಡಿಸಿದರೂ ಇಷ್ಟು ಸ್ಪಷ್ಟವಾದ ಹೋಲಿಕೆ ಸಿಗುತ್ತಿರಲಿಲ್ಲ.

ವ್ಯತ್ಯಾಸ ಎಲ್ಲಿತ್ತು? ಗರ್ಲ್ಸ್ ಅಲೌಡ್ ಹಾಡುಗಳಲ್ಲಿ ಬಹುತೇಕ ಎಲ್ಲವನ್ನೂ ಮಾಡಿಕೊಟ್ಟದ್ದು ಬ್ರಯನ್ ಹಿಗಿನ್ಸ್ ಮತ್ತು ಮಿರಾಂಡಾ ಕೂಪರ್ ಮುಂದಾಳುತನದ ಜೆನೊಮೇನಿಯಾ ಎಂಬ ಗೀತರಚನೆಯ ಗುಂಪು. ಅವರ ಕೆಲಸದ ರೀತಿ ವಿಚಿತ್ರವಾದದ್ದು. ಹತ್ತಾರು ಮಧುರ ತುಣುಕುಗಳನ್ನು ಬೇರೆ ಬೇರೆಯಾಗಿ ಮಾಡಿಟ್ಟುಕೊಂಡು, ಅವುಗಳಲ್ಲಿ ಗಟ್ಟಿಯಾದವನ್ನಷ್ಟೇ ಹೆಕ್ಕಿ ಒಂದು ಹಾಡಿಗೆ ಹೊಂದಿಸುತ್ತಿದ್ದರು. ಆದ್ದರಿಂದಲೇ ಆ ಹಾಡುಗಳಲ್ಲಿ ಪಲ್ಲವಿ ಯಾವುದು, ಚರಣ ಯಾವುದು ಎಂಬ ಗೆರೆ ಅಳಿಸಿಹೋಗಿ, ಪ್ರತಿ ಸಾಲೂ ಪಲ್ಲವಿಯಂತೆ ಕೇಳಿಸುತ್ತದೆ. ಇಂಥ ಕಸುಬುದಾರರ ಗುಂಪು ಒಂದು ತಂಡದೊಂದಿಗೆ ಏಳು ವರ್ಷ ಬಿಡದೆ ದುಡಿದರೆ, ಆ ಐದು ಕಂಠಗಳ ಏರಿಳಿತ, ಯಾರ ದನಿಗೆ ಯಾವ ಸಾಲು ಒಪ್ಪುತ್ತದೆ ಎಂಬ ಸೂಕ್ಷ್ಮ, ಎಲ್ಲವೂ ಅವರಿಗೆ ಕರಗತವಾಗುತ್ತದೆ. ಬರೆದವರು ಮತ್ತು ಹಾಡಿದವರ ನಡುವೆ ಅಲ್ಲಿ ಬೆಳೆದದ್ದು ಒಂದು ಸಾಹಚರ್ಯ. ಕಟ್ಟಿದ ತಂಡಗಳು ಬೇಗ ಸಾಯುವುದಕ್ಕೆ ನಾನು ಕಂಡ ಸಾಮಾನ್ಯ ಕಾರಣವೆಂದರೆ, ಮೊದಲ ಹಾಡಿಗೆ ಮಾತ್ರ ಶ್ರಮಪಟ್ಟು, ಎರಡನೆಯ ಹಾಡಿಗೆ ಬೇರೆ ಯಾರೋ ಬಿಟ್ಟದ್ದನ್ನು ತಂದು ಕೊಡುವುದು.

ಅಮೆರಿಕದ ಮೋಟೌನ್ ಎಂಬ ರೆಕಾರ್ಡ್ ಸಂಸ್ಥೆಯಲ್ಲಿ 1960ರ ದಶಕದಲ್ಲಿ ಹೀಗೆಯೇ ನಡೆಯಿತು. ದಿ ಸುಪ್ರೀಮ್ಸ್ ತಾವಾಗಿ ಕೂಡಿದ ಗೆಳತಿಯರ ತಂಡವೇ ಆದರೂ ಅವರ ದೊಡ್ಡ ಹಾಡುಗಳನ್ನು ಬರೆದದ್ದು ಸಂಸ್ಥೆಯೊಳಗಿನ ಮೂವರು, ನಡೆನುಡಿ ತಿದ್ದಿದವರು ಮತ್ತೊಬ್ಬರು, ಹೆಜ್ಜೆ ಕಲಿಸಿದವರು ಇನ್ನೊಬ್ಬರು. ಅವರನ್ನು ಯಾರೂ ಸರಕು ಎನ್ನುವುದಿಲ್ಲ. ಹಾಗಾಗಿ ಹಾಡಿದವರ ಪಾಲು ಎಷ್ಟು ಎಂದು ನೀವು ಕೇಳಿದರೆ, ಕೇಳುಗನ ಕಿವಿಯಲ್ಲಿ ಕೊನೆಗೆ ಉಳಿಯುವುದು ಒಂದು ಕಂಠ, ಆ ಕಂಠ ಒಂದು ಪದವನ್ನು ಹಿಡಿದು ಬಿಡುವ ರೀತಿ ಎಂದೇ ಹೇಳುತ್ತೇನೆ. ಜರ್ಮನಿಯ ನಿರ್ಮಾಪಕ ಫ್ರಾಂಕ್ ಫಾರಿಯನ್ ಕಟ್ಟಿದ ಮಿಲಿ ವನಿಲಿ ಜೋಡಿ ರೆಕಾರ್ಡಿನಲ್ಲಿ ಹಾಡಿಯೇ ಇರಲಿಲ್ಲವೆಂಬುದು ಬಯಲಾದಾಗ, 1990ರಲ್ಲಿ ಅವರಿಗೆ ಬಂದಿದ್ದ ಗ್ರ್ಯಾಮಿ ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಲಾಯಿತು. ಹಾಡು ತಾವು ಬರೆದದ್ದಲ್ಲ ಎಂಬುದನ್ನು ಜನ ಎಂದೂ ದೊಡ್ಡ ತಪ್ಪೆಂದು ಎಣಿಸಿಲ್ಲ, ಕಂಠ ತಮ್ಮದಲ್ಲ ಎಂಬುದನ್ನು ಮಾತ್ರ ಕ್ಷಮಿಸಲಿಲ್ಲ. ಶಿಕ್ಷೆ ಪೂರ್ತಿಯಾಗಿ ಆ ಇಬ್ಬರು ಯುವಕರ ತಲೆಯ ಮೇಲೆ ಬಿತ್ತು, ಏರ್ಪಾಟು ಮಾಡಿದವರು ಕೆಲಸ ಮುಂದುವರಿಸಿದರು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಪ್ರಶ್ನೆ: ಸದಸ್ಯರೆಲ್ಲ ಬದಲಾದ ಮೇಲೂ ಅದೇ ಹೆಸರಿನಲ್ಲಿ ನಡೆಯುವ ತಂಡವನ್ನು ಅದೇ ತಂಡವೆಂದು ಕರೆಯಬಹುದೇ? ಹೆಸರು ಯಾರ ಸ್ವತ್ತು?

ಉತ್ತರ: ಕಾನೂನಿನ ಉತ್ತರ ಒಪ್ಪಂದದಲ್ಲಿರುತ್ತದೆ. ಅಮೆರಿಕದ ದಿ ಡ್ರಿಫ್ಟರ್ಸ್ ತಂಡದ ಹೆಸರು 1950ರ ದಶಕದಲ್ಲಿ ಮ್ಯಾನೇಜರ್ ಜಾರ್ಜ್ ಟ್ರೆಡ್‌ವೆಲ್ ಅವರ ಕೈಯಲ್ಲಿತ್ತು, ಗಾಯಕರು ಸಂಬಳದ ಮೇಲೆ ಹಾಡುತ್ತಿದ್ದರು. 1958ರಲ್ಲಿ ಟ್ರೆಡ್‌ವೆಲ್ ಇಡೀ ತಂಡವನ್ನು ಕೆಲಸದಿಂದ ತೆಗೆದು, ಗಾಯಕ ಬೆನ್ ಇ. ಕಿಂಗ್ ಇದ್ದ ಬೇರೊಂದು ತಂಡವನ್ನು ತಂದು, ಇಂದಿನಿಂದ ನೀವೇ ಡ್ರಿಫ್ಟರ್ಸ್ ಎಂದು ನಿಲ್ಲಿಸಿದರು. ಆ ಹೊಸಬರು ಹಳಬರಿಗಿಂತ ದೊಡ್ಡ ಹಾಡುಗಳನ್ನು ಕೊಟ್ಟರೆಂಬುದೂ ನಿಜ. ಕಿಂಗ್ ಅವರು ಹೆಚ್ಚಿನ ಪಾಲು ಕೇಳಿ ಸಿಗದೆ 1960ರಲ್ಲಿ ಹೊರನಡೆದರು.

ಬದಲಾವಣೆಯನ್ನೇ ನಿಯಮವಾಗಿಸಿಕೊಂಡ ತಂಡಗಳೂ ಇವೆ. ಪೋರ್ಟೊ ರಿಕೊದಲ್ಲಿ 1977ರಲ್ಲಿ ಎಡ್ಗಾರ್ಡೊ ಡಿಯಾಜ್ ಕಟ್ಟಿದ ಮೆನೂಡೊ ತಂಡದಲ್ಲಿ ಹುಡುಗನಿಗೆ ಹದಿನಾರು ತುಂಬುವ ಹೊತ್ತಿಗೆ ಹೊರಹೋಗಬೇಕೆಂಬ ನಿಯಮವಿತ್ತು. ರಿಕಿ ಮಾರ್ಟಿನ್ 1984ರಲ್ಲಿ ಹನ್ನೆರಡು ವರ್ಷದವರಿದ್ದಾಗ ಅದನ್ನು ಸೇರಿದರು. ಇಲ್ಲಿ ಹೆಸರು ಉಳಿಯಿತು, ಹುಡುಗರು ಬಿಡಿಭಾಗಗಳಾದರು. ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಒಬ್ಬ ಬಾಲಕನ ದನಿ ಒಡೆಯುವುದನ್ನು ಕೆಲಸ ಕಳೆದುಕೊಳ್ಳುವ ಕಾರಣವಾಗಿಸುವುದು ಕ್ರೌರ್ಯವೇ ಸರಿ.

ಜಪಾನಿನ ಮಾರ್ನಿಂಗ್ ಮುಸುಮೆ ಹೊರನೋಟಕ್ಕೆ ಅದೇ ರೀತಿಯದು, ಒಳಗಿನಿಂದ ಬೇರೆ. 1997ರಲ್ಲಿ ಒಂದು ಟಿವಿ ಆಡಿಷನ್ನಿನಲ್ಲಿ ಸೋತ ಐದು ಹುಡುಗಿಯರಿಗೆ ಗಾಯಕ ಮತ್ತು ನಿರ್ಮಾಪಕ ತ್ಸುಂಕು ಒಂದು ಸವಾಲು ಒಡ್ಡಿದರು: ಐದು ದಿನಗಳಲ್ಲಿ ನಿಮ್ಮ ಹಾಡಿನ 50,000 ಪ್ರತಿಗಳನ್ನು ನೀವೇ ಕೈಯಾರೆ ಮಾರಿದರೆ ತಂಡವಾಗಿ ಮುಂದುವರಿಯಬಹುದು ಎಂದು. ಅವರು ಮಾರಿ ತೋರಿಸಿದರು. ಆ ಮೊದಲ ಐವರಲ್ಲಿ ಕೊನೆಯವರು 2005ರಲ್ಲಿ ಹೊರಬಂದರೂ ತಂಡ ಇಪ್ಪತ್ತೈದು ವರ್ಷಗಳನ್ನು ದಾಟಿ ನಡೆಯುತ್ತಿದೆ. ಹೊರಹೋಗುವುದನ್ನು ಅಲ್ಲಿ 'ಪದವಿ ಪಡೆಯುವುದು' ಎನ್ನುತ್ತಾರೆ. ಅದಕ್ಕಾಗಿಯೇ ಒಂದು ಬೀಳ್ಕೊಡುಗೆಯ ಕಾರ್ಯಕ್ರಮವಿರುತ್ತದೆ, ಹಿರಿಯಳು ಕಿರಿಯರಿಗೆ ಹಾಡಿನ ಸಾಲುಗಳನ್ನು ಒಪ್ಪಿಸಿ ಹೋಗುತ್ತಾಳೆ, ಅಭಿಮಾನಿಗಳು ಅವಳು ಹಾಡುತ್ತಿದ್ದ ಸಾಲನ್ನು ಮುಂದೆ ಯಾರು ಹಾಡುತ್ತಾರೆಂದು ಕಾದು ನೋಡುತ್ತಾರೆ. ನಾಟಕ ಮಂಡಳಿಯೊಂದರಲ್ಲಿ ಪಾತ್ರ ಒಬ್ಬರಿಂದ ಒಬ್ಬರಿಗೆ ಸಾಗುವ ಹಾಗೆ. ಹೊರಡುವವರಿಗೆ ಗೌರವವಿದ್ದಾಗ ಬರುವವರಿಗೂ ಸ್ಥಾನ ಸಿಗುತ್ತದೆ.

ಗೌರವವಿಲ್ಲದ ಕಡೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಶುಗಬೇಬ್ಸ್ ಸಾಕ್ಷಿ. 1998ರಲ್ಲಿ ಮೂವರು ಹದಿಹರೆಯದ ಹುಡುಗಿಯರಿಂದ ಆರಂಭವಾದ ತಂಡದಿಂದ 2001ರಲ್ಲಿ ಶಿವಾನ್ ಡೊನಘಿ, 2005ರಲ್ಲಿ ಮುತ್ಯಾ ಬುಯೆನಾ, 2009ರಲ್ಲಿ ಕೀಶಾ ಬುಕ್ಯಾನನ್ ಹೊರಬಿದ್ದರು, ಅಥವಾ ಹೊರಬೀಳಬೇಕಾಯಿತು. ಆ ಬಳಿಕ ಮೊದಲಿನ ಒಬ್ಬರೂ ಇಲ್ಲದ ತಂಡ ಅದೇ ಹೆಸರಿನಲ್ಲಿ ಹಾಡಿತು. ಹಾಡುತ್ತಿದ್ದವರು ಕಡಿಮೆ ಪ್ರತಿಭೆಯವರಲ್ಲದಿದ್ದರೂ ಎರಡು ವರ್ಷಗಳೊಳಗೆ ಅದು ನಿಂತುಹೋಯಿತು. ಮೊದಲಿನ ಮೂವರು ಮತ್ತೆ ಸೇರಿದಾಗ ಹೆಸರಿನ ಹಕ್ಕು ಇರಲಿಲ್ಲವಾದ್ದರಿಂದ ತಮ್ಮ ಮೂರು ಹೆಸರುಗಳನ್ನೇ ಜೋಡಿಸಿ ತಂಡಕ್ಕೆ ಇಟ್ಟುಕೊಂಡರು. ಹಳೆಯ ಹೆಸರು ಅವರ ಕೈಗೆ ಮರಳಿದ್ದು 2019ರಲ್ಲಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ: ಕಾಗದದ ಮೇಲೆ ಹೆಸರು ಯಾರ ಸ್ವತ್ತಾದರೂ ಆಗಿರಲಿ, ಅದಕ್ಕೆ ಮನ್ನಣೆ ಕೊಡುವವನು ಕೇಳುಗ.

ಪ್ರಶ್ನೆ: ದಕ್ಷಿಣ ಕೊರಿಯಾದ ತಂಡಗಳು ಏಳನೆಯ ವರ್ಷಕ್ಕೆ ಒಡೆಯುತ್ತವೆ ಎಂದು ನನ್ನ ಮಗಳು ಹೇಳುತ್ತಾಳೆ ಮತ್ತು ತನ್ನ ಮೆಚ್ಚಿನ ತಂಡದ ವರ್ಷಗಳನ್ನು ಎಣಿಸುತ್ತಿರುತ್ತಾಳೆ. ಇದು ನಿಜವೇ, ಮೂಢನಂಬಿಕೆಯೇ?

ಉತ್ತರ: ಮಗಳು ತಿಳಿದೇ ಹೇಳಿದ್ದಾಳೆ. ಇದರಲ್ಲಿ ಮೂಢನಂಬಿಕೆ ಏನೂ ಇಲ್ಲ, ಒಪ್ಪಂದದ ಲೆಕ್ಕವಿದೆ. ಕೊರಿಯಾದ ಸಂಸ್ಥೆಗಳು ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲಿಯೇ ತರಬೇತಿಗೆ ಸೇರಿಸಿಕೊಂಡು, ವರ್ಷಗಟ್ಟಲೆ ಹಾಡು, ನೃತ್ಯ, ಭಾಷೆ ಕಲಿಸಿ ತಂಡ ಕಟ್ಟುತ್ತವೆ. ಮೊದಮೊದಲು ಒಪ್ಪಂದಗಳಿಗೆ ಮಿತಿಯೇ ಇರಲಿಲ್ಲ. ಟಿವಿಎಕ್ಸ್‌ಕ್ಯೂ ತಂಡದ ಐವರಲ್ಲಿ ಮೂವರು 2009ರಲ್ಲಿ ತಮ್ಮ 13 ವರ್ಷಗಳ ಒಪ್ಪಂದ ಅನ್ಯಾಯದ್ದೆಂದು ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ಅಲ್ಲಿನ ವಾಣಿಜ್ಯ ನ್ಯಾಯ ಆಯೋಗ ಒಂದು ಮಾದರಿ ಒಪ್ಪಂದವನ್ನು ಪ್ರಕಟಿಸಿ ಏಳು ವರ್ಷಗಳ ಗಡಿ ಹಾಕಿತು. ಅಂದಿನಿಂದ ಏಳನೆಯ ವರ್ಷವೆಂದರೆ ಒಬ್ಬೊಬ್ಬ ಸದಸ್ಯನೂ ಇರಲೋ ಹೋಗಲೋ ಎಂದು ತಾನೇ ನಿರ್ಧರಿಸುವ ವರ್ಷ. ಅಭಿಮಾನಿಗಳಿಗೆ ಅದು ಆತಂಕದ ಗಳಿಗೆ, ನಿಜ. ಹಾಡುವವರಿಗೆ ಮಾತ್ರ ಅದು ಹಕ್ಕು.

ಆ ಹಕ್ಕನ್ನು ಬಳಸಿ ಒಟ್ಟಿಗೇ ಉಳಿದವರೂ ಇದ್ದಾರೆ. 1998ರಲ್ಲಿ ಬಂದ ಶಿನ್ಹ್ವಾ ತಂಡದ ಆರು ಮಂದಿ ತಮ್ಮನ್ನು ಕಟ್ಟಿದ ಸಂಸ್ಥೆಯನ್ನು 2003ರಲ್ಲಿ ಬಿಟ್ಟು, ತಮ್ಮದೇ ಸಂಸ್ಥೆ ಕಟ್ಟಿಕೊಂಡು, ಹೆಸರಿನ ಹಕ್ಕಿಗಾಗಿ ದೀರ್ಘಕಾಲ ಹೋರಾಡಿ 2015ರಲ್ಲಿ ಅದನ್ನು ಪಡೆದರು. 2013ರಲ್ಲಿ ಬಂದ ಬಿಟಿಎಸ್ ಅವಧಿ ಮುಗಿಯುವ ಮೊದಲೇ 2018ರಲ್ಲಿ ಒಪ್ಪಂದ ನವೀಕರಿಸಿತು. 2020ರಲ್ಲಿ ಸಂಸ್ಥೆ ಷೇರು ಪೇಟೆಗೆ ಬಂದಾಗ ಸಂಸ್ಥಾಪಕ ಬಾಂಗ್ ಸಿ ಹ್ಯೂಕ್ ಏಳೂ ಮಂದಿಗೆ ಸಮಪಾಲಿನ ಷೇರುಗಳನ್ನು ಕೊಟ್ಟರು. 2022ರ ಕೊನೆಯಿಂದ ಒಬ್ಬೊಬ್ಬರಾಗಿ ಕಡ್ಡಾಯ ಸೇನಾ ಸೇವೆಗೆ ಹೋದರೂ ತಂಡ ಚದುರಲಿಲ್ಲ, 2025ರ ಜೂನ್ ಹೊತ್ತಿಗೆ ಎಲ್ಲರೂ ಸೇವೆ ಮುಗಿಸಿದರು. ಬ್ಲ್ಯಾಕ್‌ಪಿಂಕ್ ಮತ್ತೊಂದು ದಾರಿ ಹಿಡಿಯಿತು: 2023ರ ಕೊನೆಗೆ ತಂಡದ ಕೆಲಸಕ್ಕೆ ಮಾತ್ರ ಒಟ್ಟಾಗಿ ಸಹಿ ಹಾಕಿ, ಒಂಟಿ ಕೆಲಸಗಳಿಗೆ ನಾಲ್ವರೂ ಬೇರೆ ಬೇರೆ ಏರ್ಪಾಟು ಮಾಡಿಕೊಂಡರು. ಮಗಳು ವರ್ಷ ಎಣಿಸುವುದನ್ನು ಬಿಡಬೇಕಾಗಿಲ್ಲ. ಆ ವರ್ಷ ಬಂದಾಗ ತಂಡದವರು ಏನನ್ನು ಆರಿಸಿಕೊಂಡರೆಂದು ಗಮನಿಸಲಿ.

ಪ್ರಶ್ನೆ: ಟೇಕ್ ದಟ್ ಒಡೆದಾಗ ನನಗೆ ಹನ್ನೆರಡು ವರ್ಷ, ಎರಡು ದಿನ ಅತ್ತಿದ್ದೆ. ಈಗ ಅವರ ಹಾಡು ಕೇಳಿದರೆ ಗಂಟಲು ಕಟ್ಟುತ್ತದೆ. ಇದು ಸಂಗೀತದ ಮೇಲಿನ ಪ್ರೀತಿಯೇ, ಕಳೆದುಹೋದ ವಯಸ್ಸಿನ ಮೇಲಿನ ಹಂಬಲವೇ?

ಉತ್ತರ: ನೀವು ಒಬ್ಬರೇ ಅತ್ತಿರಲಿಲ್ಲ. 1996ರ ಫೆಬ್ರವರಿಯಲ್ಲಿ ಆ ಸುದ್ದಿ ಹೊರಬಿದ್ದಾಗ ಬ್ರಿಟನ್ನಿನಲ್ಲಿ ದುಃಖಿತ ಮಕ್ಕಳಿಗೆ ಸಾಂತ್ವನ ಹೇಳಲು ದೂರವಾಣಿ ಸಹಾಯವಾಣಿಗಳನ್ನೇ ತೆರೆಯಬೇಕಾಯಿತು. ಅಂದು ಅದನ್ನು ಹಾಸ್ಯ ಮಾಡಿದ ಹಿರಿಯರು ಒಂದನ್ನು ಮರೆತಿದ್ದರು: ಹನ್ನೆರಡರಿಂದ ಹದಿನಾರರ ನಡುವೆ ಮನಸ್ಸಿಗೆ ಇಳಿದ ಹಾಡು ಉಳಿದ ಆಯುಷ್ಯದ ಉದ್ದಕ್ಕೂ ಅಲ್ಲಿಯೇ ಇರುತ್ತದೆ. ಮರಳಿ ಬರುವ ತಂಡಗಳೆಲ್ಲ ನಂಬಿರುವುದು ಈ ನೆನಪನ್ನೇ. ಅಂದು ತಂದೆ ತಾಯಿಯ ಕಡೆಗೆ ಕೈಚಾಚಬೇಕಿದ್ದ ಹುಡುಗಿ ಇಂದು ತನ್ನ ದುಡಿಮೆಯಲ್ಲಿ ಟಿಕೆಟ್ ಕೊಳ್ಳಬಲ್ಲಳು, ಜೊತೆಗೆ ಮಗಳನ್ನೂ ಕರೆತರಬಲ್ಲಳು. ಹಂಬಲದಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಆದರೂ ನಿಮ್ಮ ತಂಡದ ವಿಷಯದಲ್ಲಿ ಬರಿಯ ಹಂಬಲವೆಂದು ಹೇಳುವುದು ಅನ್ಯಾಯವಾದೀತು. ಮ್ಯಾಂಚೆಸ್ಟರಿನಲ್ಲಿ ನೈಜಲ್ ಮಾರ್ಟಿನ್ ಸ್ಮಿತ್ ಅವರು 1990ರಲ್ಲಿ ಕಟ್ಟಿದ ಆ ತಂಡದಲ್ಲಿ ಹಾಡು ಬರೆಯುವ ಹೊಣೆ ಬಹುಪಾಲು ಗ್ಯಾರಿ ಬಾರ್ಲೊ ಒಬ್ಬರ ಮೇಲಿತ್ತು, ಉಳಿದವರು ಹಿನ್ನೆಲೆಯಲ್ಲಿ ಹೆಜ್ಜೆ ಹಾಕುವವರಾಗಿ ಕಾಣುತ್ತಿದ್ದರು. ರಾಬಿ ವಿಲಿಯಮ್ಸ್ 1995ರಲ್ಲಿ ಹೊರಬಂದದ್ದರ ಹಿಂದೆ ಅದೂ ಒಂದು ಅಸಮಾಧಾನ. ಹತ್ತು ವರ್ಷಗಳ ನಂತರ, 2005ರ ಒಂದು ಟಿವಿ ಸಾಕ್ಷ್ಯಚಿತ್ರದ ನೆಪದಲ್ಲಿ ಮತ್ತೆ ಎದುರುಬದುರಾದ ನಾಲ್ವರು 2006ರಲ್ಲಿ ಹಿಂದಿರುಗಿದಾಗ ಮಾಡಿದ ಮೊದಲ ಬದಲಾವಣೆ ಎಂದರೆ ಹಾಡುಗಳನ್ನು ಒಟ್ಟಿಗೆ ಬರೆದು, ರಚನೆಯ ಶ್ರೇಯಸ್ಸನ್ನು ನಾಲ್ವರ ಹೆಸರಿಗೂ ಹಂಚಿದ್ದು. ಆ ಹೊಸ ಆಲ್ಬಮ್ಮಿನ ಮೊದಲ ಎರಡು ಹಾಡುಗಳೂ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ತಲುಪಿದವು. ಮೊದಲ ಅವಧಿಯಲ್ಲಿ ಬಹುಪಾಲು ಹಿಂದೆ ನಿಂತಿದ್ದ ಮಾರ್ಕ್ ಓವನ್ ಅವುಗಳಲ್ಲಿ ಒಂದನ್ನು ಮುಂದೆ ನಿಂತು ಹಾಡಿದರು. ವಿಲಿಯಮ್ಸ್ 2010ರಲ್ಲಿ ಒಂದು ಆಲ್ಬಮ್ಮಿಗಾಗಿ ಬಂದು ಸೇರಿ, ಮರುವರ್ಷದ ಪ್ರವಾಸದ ಬಳಿಕ ತಮ್ಮ ದಾರಿಗೆ ಮರಳಿದರು. 2014ರಲ್ಲಿ ಜೇಸನ್ ಆರೆಂಜ್ ಬಿಟ್ಟರು. ಈಗ ಉಳಿದಿರುವವರು ಮೂವರು.

ನಿಮ್ಮ ಪ್ರಶ್ನೆಗೆ ಉತ್ತರವನ್ನು ನೀವೇ ಕಂಡುಕೊಳ್ಳುವ ಒಂದು ಉಪಾಯ ಹೇಳುತ್ತೇನೆ. ನೀವು ಅತ್ತಾಗ ಇನ್ನೂ ಹುಟ್ಟಿರದಿದ್ದ ಆ 2006ರ ಆಲ್ಬಮ್ಮನ್ನು, ಹಿಂದೆ ಕೇಳಿಲ್ಲವಾದರೆ, ಒಂದು ಸಂಜೆ ಮೊದಲಿನಿಂದ ಕೊನೆಯವರೆಗೆ ಕೇಳಿ. ಅದರಲ್ಲಿ ನಿಮ್ಮ ಹನ್ನೆರಡನೆಯ ವರ್ಷದ ನೆನಪು ಒಂದೂ ಇಲ್ಲ. ಕೇಳಿ ಮುಗಿದ ಮೇಲೆ ಯಾವುದಾದರೊಂದು ಹಾಡನ್ನು ಮತ್ತೊಮ್ಮೆ ಹಾಕಬೇಕೆನಿಸಿದರೆ ನನಗೆ ಬರೆದು ತಿಳಿಸಿ. ಯಾವ ಹಾಡೆಂದು ತಿಳಿಯುವ ಕುತೂಹಲ ನನಗೂ ಇದೆ.